ಸಿಗದ ಕಪ್ಪೆ, ಇಲ್ಲದ ಕಪ್ಪೆ: ಕೊಟ್ಟಿಗೆಹಾರ ಮತ್ತು ಕೆಂಪುಹೊಳೆಯ ಹಳ್ಳಗಳ ಲೆಕ್ಕ

ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ನೀರುದೋಸೆ, ಮಂಜು, ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಬಸ್ಸು ನಿಲ್ಲುವ ಜಾಗ. ಪ್ರಾಣಿಶಾಸ್ತ್ರ ಓದಿದವರಿಗೆ ಅದು ಒಂದು ಕಪ್ಪೆಯ ಹೆಸರೂ ಹೌದು: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹೆಬ್ಬೆರಳಿನ ತುದಿಯಷ್ಟು ದೊಡ್ಡದು. ಹರಿಯುವ ಹಳ್ಳದ ಒದ್ದೆ ಬಂಡೆಯ ಮೇಲೆ ಹಗಲಲ್ಲೇ ಕೂತು, ಹಿಂಗಾಲು ಚಾಚಿ, ಬೆರಳುಗಳ ನಡುವಿನ ಜಾಲಪೊರೆಯನ್ನು ಬಿಡಿಸಿ ಬೀಸುತ್ತದೆ. ಹಾಗಾಗಿ ಇದರ ಬಳಗಕ್ಕೆ ‘ಕುಣಿಯುವ ಕಪ್ಪೆ’ಗಳು ಎಂಬ ಹೆಸರು. ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆ 2004ರಲ್ಲಿ ಇದನ್ನು ತನ್ನ ಕೆಂಪುಪಟ್ಟಿಯ ‘ತೀವ್ರ ಅಪಾಯದಂಚಿನ’ ವರ್ಗಕ್ಕೆ ಸೇರಿಸಿತ್ತು. ಅಲ್ಲಿಂದ ಮುಂದಿನ ಮೆಟ್ಟಿಲು, ಕಾಡಿನಲ್ಲಿ ಅಳಿದುಹೋಗಿದೆ ಎಂಬುದು.

ಘಟ್ಟದ ಅಂಚಿನಲ್ಲೇ ದಕ್ಷಿಣಕ್ಕೆ ಹೋದರೆ ಹಾಸನ ಜಿಲ್ಲೆಯ ಕೆಂಪುಹೊಳೆ ಸಿಗುತ್ತದೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವವರೆಲ್ಲ ನೋಡಿರುವ ಹೊಳೆ. ಇದರ ಹೆಸರಿಗೂ ಹಲವು ಕಪ್ಪೆಗಳು ಅಂಟಿಕೊಂಡಿವೆ: ಮೈಕ್ರಿಕ್ಸಾಲಸ್ ಎಲೆಗನ್ಸ್ ಎಂಬ ಇನ್ನೊಂದು ಕುಣಿಯುವ ಕಪ್ಪೆ, ಕೆಂಪುಹೊಳೆಯ ಇರುಳುಗಪ್ಪೆ, ಮೋಟು ಮೂತಿಯ ಒಂದು ನೆಲಗಪ್ಪೆ. ಇವೆಲ್ಲವನ್ನೂ ಜಗತ್ತಿಗೆ ಪರಿಚಯಿಸಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್, 1937ರ ಒಂದೇ ಪ್ರಬಂಧದಲ್ಲಿ. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಪಶ್ಚಿಮಘಟ್ಟದ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ಇಟ್ಟ ‘ರಾವೋರ್ಕೆಸ್ಟಿಸ್’ ಎಂಬ ಹೆಸರು ಅವರ ನೆನಪಿಗೆ.

ಹೊಸ ಜೀವಿಗೆ ಹೆಸರಿಡುವಾಗ ಒಂದು ಮಾದರಿಯನ್ನು ಮದ್ಯಸಾರದಲ್ಲಿ ಕಾಪಿಟ್ಟು, ‘ಈ ಹೆಸರು ಎಂದರೆ ಈ ಪ್ರಾಣಿ’ ಎಂದು ಗೊತ್ತುಮಾಡುವುದು ಕ್ರಮ. ರಾವ್ ಅವರ ಮೂಲ ಮಾದರಿಗಳು ಕಾಲೇಜಿನ ಸಂಗ್ರಹದಲ್ಲಿದ್ದವು. ಮುಂದೆ ಅವು ಕಳೆದುಹೋದವು. ಉಳಿದದ್ದು ಪ್ರಬಂಧದ ವರ್ಣನೆ ಮತ್ತು ಚಿತ್ರಗಳು ಮಾತ್ರ. ಬೆರಳೆಣಿಕೆಯ ಮಿಲಿಮೀಟರಿನ ವ್ಯತ್ಯಾಸವಿರುವ, ಬಣ್ಣ ಬದಲಿಸುವ, ನೋಡಲು ಒಂದೇ ತರಹ ಇರುವ ಕಪ್ಪೆಗಳ ಗುಂಪಿನಲ್ಲಿ ಬರಿಯ ವರ್ಣನೆ ಹಿಡಿದು ‘ಇದು ಅದೇ’ ಎನ್ನುವುದು ಬಹಳ ಕಷ್ಟ. ಹೀಗಾಗಿ ದಶಕಗಳ ಕಾಲ ಕೆಲವು ಕಪ್ಪೆಗಳು ಕಣ್ಮರೆಯಾದದ್ದು ಹಳ್ಳದಿಂದಲೋ ಪುಸ್ತಕದಿಂದಲೋ ಎಂದು ಹೇಳುವಂತಿರಲಿಲ್ಲ.

ಹುಡುಕುವವರನ್ನು ದಾರಿತಪ್ಪಿಸುವ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ಹಳೆಯ ದಾಖಲೆಯಲ್ಲಿ ಕೊಟ್ಟಿಗೆಹಾರದ ಪಕ್ಕ ‘ಕಡೂರು’ ಎಂದಿರುವುದು. ಅದು ಇಂದಿನ ಬಯಲುಸೀಮೆಯ ಕಡೂರು ಪಟ್ಟಣವಲ್ಲ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರೇ ಕಡೂರು ಜಿಲ್ಲೆ. ಎರಡನೆಯದು, ರಾವ್ ಈ ಕುಣಿಯುವ ಕಪ್ಪೆಗಳನ್ನು ಮೊದಲು ಸೇರಿಸಿದ್ದು ಪೊದೆಗಪ್ಪೆಗಳಿದ್ದ ಫಿಲಾಟಸ್ ಕುಲಕ್ಕೆ. ಕುಲದ ಹೆಸರನ್ನೇ ನಂಬಿ ರಾತ್ರಿ ಟಾರ್ಚು ಹಿಡಿದು ಪೊದೆಯ ಎಲೆ ತಿರುವಿದರೆ ಈ ಕಪ್ಪೆ ಯಾವ ಜನ್ಮಕ್ಕೂ ಸಿಗುವುದಿಲ್ಲ. ಅದು ಇರುವುದು ಹಳ್ಳದ ನಡುಬಂಡೆಯ ಮೇಲೆ, ಚಟುವಟಿಕೆ ಹಗಲಿನಲ್ಲಿ.

ನಾಪತ್ತೆಯಾದ ಭಾರತದ 50 ಉಭಯವಾಸಿಗಳ ಪಟ್ಟಿ ಮಾಡಿ ಹುಡುಕುವ ಅಭಿಯಾನವೊಂದು 2010ರ ನವೆಂಬರಿನಲ್ಲಿ ಕಪ್ಪೆ ವಿಜ್ಞಾನಿ ಎಸ್. ಡಿ. ಬಿಜು ಅವರ ಮುಂದಾಳ್ತನದಲ್ಲಿ ಶುರುವಾಯಿತು. 2011ರ ಫೆಬ್ರವರಿಯ ಹೊತ್ತಿಗೆ ಐದು ಸಿಕ್ಕವು. ಅವುಗಳಲ್ಲೊಂದು ಕೆಂಪುಹೊಳೆಯ ಹೆಸರಿಗೆ ಸೇರಿದ ಮೈಕ್ರಿಕ್ಸಾಲಸ್ ಎಲೆಗನ್ಸ್. ಹೆಸರಿಟ್ಟು 73 ವರ್ಷಗಳಾದ ಮೇಲೆ! ಅದೇ ಪಟ್ಟಿಯಲ್ಲಿದ್ದ ಒಂದು ಪೊದೆಗಪ್ಪೆ 136 ವರ್ಷಗಳ ನಂತರ ಕಾಣಿಸಿಕೊಂಡಿತ್ತು. 2014ರಲ್ಲಿ ಬಿಜು ಮತ್ತು ಸಂಗಡಿಗರು ಕುಣಿಯುವ ಕಪ್ಪೆಗಳ ಮೈಕ್ರಿಕ್ಸಾಲಸ್ ಕುಲವನ್ನು ಡಿಎನ್‌ಎ ಸಹಿತ ಪರಿಶೀಲಿಸಿ 14 ಹೊಸ ಪ್ರಭೇದಗಳನ್ನು ಹೆಸರಿಸಿದರು, ಒಟ್ಟು ಸಂಖ್ಯೆ 24ಕ್ಕೆ ಏರಿತು. ಕೇಳಲು ಸಂತೋಷದ ಸುದ್ದಿಯೇ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಒಂದೇ ಕಪ್ಪೆ ಎಂದುಕೊಂಡದ್ದು ಮೂರು ಎಂದಾದಾಗ ಪ್ರತಿಯೊಂದರ ನೆಲೆಯೂ ಮೂರು ಪಾಲಾಗುತ್ತದೆ. ಘಟ್ಟದುದ್ದಕ್ಕೂ ಇದೆ ಎಂದು ನೆಮ್ಮದಿಯಾಗಿದ್ದ ಕಪ್ಪೆ ನಾಲ್ಕೈದು ಹಳ್ಳಗಳಿಗೆ ಸೀಮಿತವೆಂದು ಗೊತ್ತಾಗುತ್ತದೆ. ಬಾಬಾಬುಡನ್‌ಗಿರಿಯ ದತ್ತಪೀಠದ ಹೆಸರು ಹೊತ್ತು 2008ರಲ್ಲಿ ಪರಿಚಯವಾದ ಇರುಳುಗಪ್ಪೆಯನ್ನು, ನಿಕ್ಟಿಬ್ಯಾಟ್ರಾಕಸ್ ದತ್ತಾತ್ರೇಯೆನ್ಸಿಸ್ ಅನ್ನು, ಈ ಕಣ್ಣಿನಿಂದಲೇ ನೋಡಬೇಕು. ಒಂದು ಬೆಟ್ಟಸಾಲಿನ ನೀರು ಕೆಟ್ಟರೆ ಅದಕ್ಕೆ ಓಡಿಹೋಗಲು ಇನ್ನೊಂದು ಬೆಟ್ಟವಿಲ್ಲ.

ಹಾಗಾದರೆ ‘ಅಳಿದುಹೋಗಿದೆ’ ಎಂದು ಯಾವಾಗ ಹೇಳಬಹುದು? ಐಯುಸಿಎನ್ ನಿಯಮದ ಪ್ರಕಾರ, ಕೊನೆಯ ಜೀವಿಯೂ ಸತ್ತಿದೆ ಎಂಬುದರಲ್ಲಿ ನ್ಯಾಯವಾದ ಸಂಶಯ ಉಳಿಯಬಾರದು. ಇರಬಹುದಾದ ಎಲ್ಲ ನೆಲೆಗಳಲ್ಲಿ, ಆ ಜೀವಿಯ ಹೊತ್ತಿಗೆ ಮತ್ತು ಋತುವಿಗೆ ಹೊಂದುವ ಹಾಗೆ ಹುಡುಕಿಯೂ ಸಿಕ್ಕಿರಬಾರದು. ಇದನ್ನು ಲೆಕ್ಕವಾಗಿ ನೋಡೋಣ. ಕಪ್ಪೆ ನಿಜವಾಗಿಯೂ ಇರುವ ಹಳ್ಳಕ್ಕೆ ಸರಿಯಾದ ಹೊತ್ತಿಗೆ ಹೋದಾಗ ಕಣ್ಣಿಗೆ ಬೀಳುವ ಸಾಧ್ಯತೆ ಐದರಲ್ಲಿ ಒಂದು ಎಂದಿಟ್ಟುಕೊಳ್ಳಿ. ಒಮ್ಮೆ ಹೋಗಿ ಬರಿಗೈಲಿ ಬರುವ ಸಾಧ್ಯತೆ 0.8. ಐದು ಬಾರಿಯೂ ಬರಿಗೈ ಆಗುವುದು 0.33, ಅಂದರೆ ಮೂರರಲ್ಲೊಂದು. ಹತ್ತು ಬಾರಿ ಹೋದರೂ 0.11. ತಪ್ಪುವ ಸಾಧ್ಯತೆ 0.05ಕ್ಕಿಂತ ಕೆಳಗಿಳಿಯಲು 14 ಭೇಟಿ ಬೇಕು, ಅದೂ ಒಂದೇ ಹಳ್ಳಕ್ಕೆ. ಮಳೆಗಾಲದಲ್ಲಿ ಎರಡು ದಿನ ಸುತ್ತಿ ‘ಇಲ್ಲಿ ಕಪ್ಪೆಯಿಲ್ಲ’ ಎಂದು ಯೋಜನಾ ವರದಿಗಳಲ್ಲಿ ಬರೆಯುವ ಸಮೀಕ್ಷೆಯ ಬೆಲೆ ಇದರಿಂದ ಗೊತ್ತಾಗುತ್ತದೆ. ಕುಣಿಯುವ ಕಪ್ಪೆಯ ಮಟ್ಟಿಗಂತೂ ಜುಲೈ ತಿಂಗಳ ಹುಡುಕಾಟ ಶುದ್ಧ ವ್ಯರ್ಥ. ಹಳ್ಳ ಕೆಂಪಗೆ ಉಕ್ಕಿ ಬಂಡೆಗಳೆಲ್ಲ ಮುಳುಗಿರುವಾಗ ಅದು ಕೂರುವ ಜಾಗವೇ ಹೊರಗಿರುವುದಿಲ್ಲ.

ಇದರ ಸಂಸಾರ ಆರಂಭವಾಗುವುದು ಮಳೆ ಹಿಂದೆಗೆದ ಮೇಲೆ, ನೀರು ತಿಳಿಯಾಗಿ ಬಂಡೆಗಳು ತಲೆಯೆತ್ತಿದಾಗ. ಮುಖ್ಯವಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನೀರಿನ ಭೋರ್ಗರೆತದಲ್ಲಿ ಕೂಗು ಒಂದೇ ಸಾಲದು. ಗಂಡು ಕೂಗುತ್ತದೆ, ಜೊತೆಗೆ ಕಾಲನ್ನೂ ಬೀಸುತ್ತದೆ. ಬೇರೆ ಗಂಡಿಗೆ ಅದು ‘ನನ್ನ ಬಂಡೆಗೆ ಬರಬೇಡ’ ಎಂಬ ಸೂಚನೆ. ನಂತರ ನಡೆಯುವುದು ಇನ್ನೂ ವಿಶೇಷ. ಇದೇ ಕುಲದ ಕಪ್ಪೆಯೊಂದರಲ್ಲಿ ಈ ವಿಧಾನವನ್ನು ಕಪ್ಪೆಗಳ ಸಂಶೋಧಕ ಕೆ. ವಿ. ಗುರುರಾಜ 2010ರಲ್ಲಿ ದಾಖಲಿಸಿದರು: ಹೆಣ್ಣು ತೆಳುನೀರಿನ ತಳದ ಜಲ್ಲಿಯನ್ನು ಹಿಂಗಾಲಿನಿಂದ ಕೆದಕಿ ಗುಂಡಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿಯಿಂದಲೇ ಮುಚ್ಚುತ್ತದೆ. ಇದೇ ಕುಲದ ಇನ್ನೊಂದು ಕಪ್ಪೆಯ ಗೊದಮೊಟ್ಟೆಗಳನ್ನು 2016ರಲ್ಲಿ ವಿವರಿಸಿದಾಗ ಒಗಟಿನ ಉಳಿದ ಭಾಗ ಬಿಡಿಸಿತು. ಅವು ನೀರಿನಲ್ಲಿ ಈಜಾಡುವುದೇ ಇಲ್ಲ. ಹಳ್ಳದ ತಳದ ಮರಳು ಮತ್ತು ಜಲ್ಲಿಯೊಳಗೆ ಹುದುಗಿ, ಹಾವುಮೀನಿನಂಥ ಗಟ್ಟಿ ಮೈಯಿಂದ ನುಸುಳಿಕೊಂಡು ಬೆಳೆಯುತ್ತವೆ. ಕಣ್ಣಿನ ಮೇಲೆ ಚರ್ಮದ ಹೊದಿಕೆ, ಹೊಟ್ಟೆಯೊಳಗೆ ಮರಳು.

ಈ ಕಪ್ಪೆಯ ಭವಿಷ್ಯದ ಪ್ರಶ್ನೆಯೆಲ್ಲ ಬಂಡೆಯ ಮೇಲೆ ಕಾಣುವುದರಲ್ಲಿಲ್ಲ, ಜಲ್ಲಿಯ ಸಂದುಗಳಲ್ಲಿದೆ. ಅಕ್ಟೋಬರಿನಿಂದ ಬೇಸಿಗೆಯವರೆಗೆ ಆ ಸಂದುಗಳಲ್ಲಿ ತಣ್ಣನೆಯ, ಆಮ್ಲಜನಕವಿರುವ ನೀರು ಹರಿಯುತ್ತಿರಬೇಕು. ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ದುರದೃಷ್ಟವೆಂದರೆ, ಹಳ್ಳಕ್ಕೆ ಮನುಷ್ಯರ ಕೈ ಹೆಚ್ಚು ಬೀಳುವುದೂ ಸರಿಯಾಗಿ ಇದೇ ತಿಂಗಳುಗಳಲ್ಲಿ. ತೋಟದ ಕ್ಯಾಲೆಂಡರನ್ನೂ ಕಪ್ಪೆಯ ಕ್ಯಾಲೆಂಡರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅದು ಢಾಳಾಗಿ ಕಾಣುತ್ತದೆ.

ಮಳೆ ಬಿಡುವು ಕೊಟ್ಟ ಕೂಡಲೇ ಕಾಫಿಗೆ ಶಿಲೀಂಧ್ರರೋಗ ತಡೆಯುವ ಬೋರ್ಡೋ ದ್ರಾವಣದ ಎರಡನೆಯ ಸಿಂಪಡಣೆ, ಗೊಬ್ಬರ, ಕಳೆ ತೆಗೆಯುವ ಕೆಲಸ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸುಣ್ಣ ಹಳೆಯದಾಗಿದ್ದರೆ ತಾಮ್ರ ಪೂರ್ತಿ ಕಟ್ಟಿಕೊಳ್ಳದೆ ಬಿಡಿಯಾಗಿ ಉಳಿಯುತ್ತದೆ. ಹೊಳಪಿರುವ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಎಲೆ ಸುಡದಿರಲಿ ಎಂದು ರೈತರು ಮಾಡುವ ಪರೀಕ್ಷೆ ಇದು. ಗೊದಮೊಟ್ಟೆಗೂ ಇದೇ ಮುಖ್ಯ, ಏಕೆಂದರೆ ನೀರಿನಲ್ಲಿ ಹೆಚ್ಚು ವಿಷವಾಗುವುದು ಹೀಗೆ ಬಿಡಿಯಾಗಿ ಉಳಿದ ತಾಮ್ರವೇ. ಸಿಂಪಡಿಸಿದ್ದಕ್ಕಿಂತ ದೊಡ್ಡ ಹಾನಿ ಆಗುವುದು ಸಂಜೆ, ಡ್ರಮ್ಮು ಮತ್ತು ಪಂಪನ್ನು ಹಳ್ಳದಲ್ಲಿ ತೊಳೆದಾಗ. ಇಡೀ ದಿನ ತೋಟದ ಮೇಲೆ ಹರಡಿ ಬಿದ್ದದ್ದಕ್ಕಿಂತ ಗಟ್ಟಿಯಾದ ಔಷಧಿ ಕೆಲವೇ ನಿಮಿಷ ಒಂದೇ ಜಾಗದಲ್ಲಿ ಹರಿಯುತ್ತದೆ. ತೊಳೆದ ನೀರನ್ನು ಹಳ್ಳದಿಂದ ದೂರ, ಗಿಡಗಳ ಬುಡದ ದರಗಿನ ಮೇಲೆ ಚೆಲ್ಲಿದರೆ ಇದರ ಬಹುಪಾಲು ತಪ್ಪುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ, ಗ್ಲೈಫೋಸೇಟ್ ಕಳೆನಾಶಕದೊಳಗೆ ಅಂಟಲೆಂದು ಬೆರೆಸುವ ಸಾಬೂನಿನಂಥ ವಸ್ತು, ಇವೆರಡೂ ಗೊದಮೊಟ್ಟೆಗೆ ಮಾರಕ. ಹಳ್ಳದ ಎರಡೂ ದಡದ ಕಳೆಯನ್ನು ಕತ್ತಿಯಲ್ಲೇ ಸವರಿಸುವುದು ವಾಸಿ.

ನವೆಂಬರ್ ಕೊನೆಯಿಂದ ಅರೇಬಿಕಾ ಕಾಫಿಯ ಕೊಯ್ಲು, ಪಲ್ಪಿಂಗ್ ಅಂದರೆ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ. ಪಲ್ಪರ್ ನೀರಿನಲ್ಲಿ ಸಕ್ಕರೆ ಮತ್ತು ಅಂಟು ಇರುವುದರಿಂದ ಅದು ಬೇಗ ಹುಳಿತು ಪಿಎಚ್ ಸುಮಾರು 4ಕ್ಕೆ ಇಳಿಯುತ್ತದೆ. ಹಳ್ಳಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಮೀನಾದರೆ ತಿಳಿನೀರು ಹುಡುಕಿ ಈಜಿ ಹೋಗಬಹುದು, ಜಲ್ಲಿಯೊಳಗಿನ ಮೊಟ್ಟೆಗೆ ಆ ದಾರಿಯಿಲ್ಲ. ಮೇಲ್ನೋಟಕ್ಕೆ ನೀರು ಹರಿಯುತ್ತಲೇ ಇದ್ದರೂ ಕಲ್ಲುಗಳ ಮೇಲೆ ಬೂದುಬಣ್ಣದ ಲೋಳೆ ಕಟ್ಟಿ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಸುಣ್ಣ ಹಾಕಿ ಹುಳಿ ಮುರಿದು, ಹೊಂಡಗಳಲ್ಲಿ ನಿಲ್ಲಿಸಿ, ಆಮೇಲೆ ತೋಟಕ್ಕೇ ಬಿಡುವ ವ್ಯವಸ್ಥೆ ದೊಡ್ಡ ಎಸ್ಟೇಟುಗಳಲ್ಲಿ ಇದೆ. ಕಷ್ಟವಿರುವುದು ಮಳೆನೀರು ನುಗ್ಗಿ ಹೊಂಡ ತುಂಬಿ ಹರಿದಾಗ, ಮತ್ತು ಹೊಂಡವೇ ಇಲ್ಲದೆ ಪಲ್ಪರ್ ಇಟ್ಟುಕೊಂಡ ಕಡೆ. ಕಡಿಮೆ ನೀರು ಬಳಸುವ ಪಲ್ಪರ್‌ಗಳಿಗೆ ಬದಲಾಯಿಸಿದರೆ ಹೊಂಡದ ಗಾತ್ರವೂ ಖರ್ಚೂ ಇಳಿಯುತ್ತದೆ.

ಇಷ್ಟನ್ನೂ ದಾಟಿ ಉಳಿದ ಗೊದಮೊಟ್ಟೆಗಳಿಗೆ ಕಾದಿರುವುದು ಫೆಬ್ರವರಿ, ಮಾರ್ಚ್. ರೊಬಸ್ಟಾಗೆ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಲೇಬೇಕು. ಆ ವರ್ಷದ ಫಸಲು ನಿಂತಿರುವುದೇ ಅದರ ಮೇಲೆ, ಬೆಳೆಗಾರರನ್ನು ದೂರಿ ಪ್ರಯೋಜನವಿಲ್ಲ. ಆದರೆ ಗಣಿತ ನಿರ್ದಯವಾಗಿದೆ. ಒಂದು ಎಕರೆಗೆ ಒಂದಿಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರ್. ಹತ್ತು ಎಕರೆಗೆ ಒಂದೂವರೆ ಇಂಚು ಕೊಟ್ಟರೆ 15.4 ಲಕ್ಷ ಲೀಟರ್. ಬೇಸಿಗೆಯಲ್ಲಿ ಸೆಕೆಂಡಿಗೆ 5 ಲೀಟರ್ ಹರಿಯುವ ಒಂದು ಪುಟ್ಟ ಹಳ್ಳ ಇಡೀ ದಿನಕ್ಕೆ ಕೊಡುವುದು 4.32 ಲಕ್ಷ ಲೀಟರ್. ಹತ್ತೇ ಎಕರೆಯ ತೋಟವೊಂದು ಮೂರೂವರೆ ದಿನಕ್ಕೂ ಹೆಚ್ಚು ಕಾಲ ಹಳ್ಳವನ್ನು ಪೂರ್ತಿ ಕುಡಿಯುತ್ತದೆ. ಅದೇ ಹಳ್ಳದ ಮೇಲೆ ಕೆಳಗೆ ಐದಾರು ತೋಟಗಳಿದ್ದರೆ ಎಲ್ಲರ ಪಂಪೂ ಅದೇ ವಾರ ಓಡುತ್ತದೆ. ಅಲ್ಲಿಗೆ ಜಲ್ಲಿ ಒಣಗಿತು. ಮಳೆಗಾಲದ ಹೆಚ್ಚುವರಿ ನೀರನ್ನು ಆಗಲೇ ತೋಟದ ಕೆರೆಗೆ ತುಂಬಿಸಿಕೊಂಡು ಫೆಬ್ರವರಿಯಲ್ಲಿ ಹಳ್ಳಕ್ಕೆ ಕೈಹಾಕದಿರುವುದೇ ನಿಜವಾದ ಪರಿಹಾರ. ಅದಾಗದ ಕಡೆ, ಪಂಪಿನ ಫುಟ್‌ವಾಲ್ವನ್ನು ಮಡುವಿನ ತಳಕ್ಕೆ ಇಳಿಸದೆ, ಮಡು ತುಂಬಿ ಕೆಳಗೆ ಹರಿಯುವ ಮಟ್ಟಕ್ಕಿಂತ ಒಂದಿಷ್ಟೇ ಕೆಳಗೆ ಕಟ್ಟಿದರೆ ಹಳ್ಳ ಪೂರ್ತಿ ಬತ್ತುವ ಮುಂಚೆ ಪಂಪು ಗಾಳಿ ಎಳೆದು ನಿಲ್ಲುತ್ತದೆ.

ಜೆಸಿಬಿ ಇಳಿಸಿ ‘ಹಳ್ಳ ಸಾಫ್’ ಮಾಡಿಸುವ ಅಭ್ಯಾಸದ ಬಗ್ಗೆ ಇಷ್ಟು ಹೇಳಿದರೆ ಸಾಕು: ಒಂದು ಬಕೆಟ್ ಜಲ್ಲಿಯೊಂದಿಗೆ ಆ ವರ್ಷದ ಸಂತಾನವೇ ಲಾರಿ ಹತ್ತಬಹುದು.

ಕೆಂಪುಹೊಳೆಯ ಸೀಮೆಯ ಕಥೆ ಇದಕ್ಕಿಂತ ದೊಡ್ಡ ಅಳತೆಯದು. ಗುಂಡ್ಯದಲ್ಲಿ 200 ಮೆಗಾವಾಟ್ ಜಲವಿದ್ಯುತ್ ಯೋಜನೆಗೆ ಅನುಮತಿ ಬೇಡವೆಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ಸ್ಪಷ್ಟವಾಗಿ ಹೇಳಿತ್ತು. ಅದೇ ಜಲಾನಯನದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಚಾಲನೆಗೊಂಡಿತು. ನೀರೆತ್ತುವುದು ಮಳೆಗಾಲದ ‘ಹೆಚ್ಚುವರಿ’ಯನ್ನು ಮಾತ್ರ ಎಂಬುದು ಯೋಜನೆಯ ಸಮರ್ಥನೆ. ಬಯಲುಸೀಮೆಯ ಬಾಯಾರಿಕೆ ನಿಜ, ಅದನ್ನು ಹಗುರವಾಗಿ ಕಾಣುವ ಹಾಗಿಲ್ಲ. ಆದರೆ ಹಳ್ಳದ ದೃಷ್ಟಿಯಿಂದ ನಿರ್ಣಾಯಕವಾದದ್ದು ಜುಲೈ ಅಲ್ಲ, ಅಕ್ಟೋಬರ್. ನೀರು ಸಹಜವಾಗಿ ಇಳಿಯುತ್ತಿರುವಾಗಲೇ ಪಂಪು ಓಡಿದರೆ ಮಟ್ಟ ಒಮ್ಮೆಗೇ ಕುಸಿದು, ಅಂಚಿನ ತೆಳುನೀರಿನಲ್ಲಿ ಇಟ್ಟ ಮೊಟ್ಟೆ ಒಣನೆಲಕ್ಕೆ ಬೀಳುತ್ತದೆ. ಇನ್ನು ಕಿರುಅಣೆಕಟ್ಟೆಯ ಹಿಂದೆ ಜಲ್ಲಿ, ಮರಳು ತಡೆದು ನಿಲ್ಲುತ್ತವೆ. ಹರಿಯುತ್ತಿದ್ದ ಜಾಗ ಮಡುವಾಗುತ್ತದೆ, ಕೆಳಗಿನ ಹಳ್ಳಕ್ಕೆ ಹೊಸ ಜಲ್ಲಿ ಬರದೆ ತಳದ ಬಂಡೆ ಮಾತ್ರ ಉಳಿಯುತ್ತದೆ. ಕುಣಿಯುವ ಕಪ್ಪೆಗೆ ಎರಡೂ ಕಡೆ ಜಾಗವಿಲ್ಲ. ಪಂಪಿಂಗ್ ನಿಲ್ಲಿಸುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡದೆ, ಹಳ್ಳದಲ್ಲಿ ಅಳತೆಪಟ್ಟಿ ನಿಲ್ಲಿಸಿ ನೀರಿನ ಮಟ್ಟ ನೋಡಿ ಗೊತ್ತುಮಾಡಬೇಕು. ದಿನದ ಅಳತೆ ಎಲ್ಲರಿಗೂ ಕಾಣುವಂತಿರಬೇಕು.

ಶಿರಾಡಿ ಮತ್ತು ಚಾರ್ಮಾಡಿಯ ರಸ್ತೆಗಳದ್ದು ಬೇರೆ ತೊಂದರೆ. ಗುಡ್ಡವನ್ನು ನೆಟ್ಟಗೆ ಕಡಿದಾಗ, ಕಡಿದ ಮಣ್ಣನ್ನು ಕಣಿವೆಗೆ ತಳ್ಳಿದಾಗ ನುಣ್ಣನೆಯ ಕೆಸರು ಹಳ್ಳಕ್ಕಿಳಿದು ಜಲ್ಲಿಯ ಸಂದಿಗೆ ಸಿಮೆಂಟಿನಂತೆ ಕೂರುತ್ತದೆ. ನೀರು ತಿಳಿಯಾದ ಮೇಲೆ ನೋಡುವವರಿಗೆ ಹಳ್ಳ ಚೆನ್ನಾಗಿಯೇ ಕಾಣುತ್ತದೆ. ತಳದಿಂದ ಒಂದು ಹಿಡಿ ಜಲ್ಲಿ ತೆಗೆದು ಪಾರದರ್ಶಕ ಬಾಟಲಿಯ ನೀರಿನಲ್ಲಿ ಕುಲುಕಿ ನಿಲ್ಲಿಸಿದರೆ ಮೇಲೆ ಎಷ್ಟು ದಪ್ಪ ಕೆಸರು ಕೂರುತ್ತದೆಂಬುದೇ ಸುಲಭದ ಪರೀಕ್ಷೆ. ಮೊಟ್ಟೆಯ ಕಾಲದಲ್ಲಿ ಇದನ್ನು ಮಾಡಬಾರದು, ಬೇಸಿಗೆಯ ಕೊನೆಯಲ್ಲಿ ಮಾಡಬೇಕು.

ಹುಡುಕಲು ಹೋಗುವವರಿಗೆ ಕೆಲವು ಮಾತು. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಪ್ಪೆ ಹಿಡಿಯಲು, ಮಾದರಿ ತೆಗೆಯಲು ಪ್ರತ್ಯೇಕ ಅನುಮತಿ ಬೇಕು, ಅದಿಲ್ಲದವರು ಕ್ಯಾಮೆರಾ ಮತ್ತು ರೆಕಾರ್ಡರ್‌ನಲ್ಲೇ ಕೆಲಸ ಮುಗಿಸಬೇಕು. ಇಂಬಳಕ್ಕೆಂದು (ಜಿಗಣೆಗೆಂದು) ಕಾಲಿಗೆ ಹಚ್ಚುವ ಹೊಗೆಸೊಪ್ಪು, ಉಪ್ಪು, ಸುಣ್ಣ, ಸೊಳ್ಳೆ ಕ್ರೀಮು ಯಾವುದನ್ನೂ ಬಳಸಿ ಹಳ್ಳಕ್ಕೆ ಇಳಿಯಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನೂ ಚರ್ಮದಿಂದಲೇ ಹೀರುತ್ತದೆ. ನಿಮ್ಮ ಕಾಲಿಗೆ ಹಚ್ಚಿದ್ದು ಅದರ ಮೈಗೆ ಸೇರುತ್ತದೆ. ಬಿಗಿಯಾಗಿ ನೇಯ್ದ ಇಂಬಳದ ಕಾಲುಚೀಲ ಸಾಕು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮಘಟ್ಟದಲ್ಲೂ ಪತ್ತೆಯಾಗಿದೆ. ಆದ್ದರಿಂದ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟಿನ ಕೆಸರು ಕೆರೆದು, ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಒದ್ದೆ ಬೂಟಿನಲ್ಲಿ ಒಂದೇ ದಿನ ಮೂರು ಹಳ್ಳ ನೋಡುವ ಆಸೆ ಬೇಡ.

ಹಳ್ಳದ 100 ಮೀಟರನ್ನು ಕೆಳಗಿನಿಂದ ಮೇಲಕ್ಕೆ, ದಡದ ಮೇಲೆಯೇ ನಡೆಯುತ್ತ ನೋಡಿ. ಇಬ್ಬರಿದ್ದರೆ ಒಂದೊಂದು ದಡಕ್ಕೆ ಒಬ್ಬರು. ನೀರೊಳಗೆ ನಡೆದರೆ ತುಳಿಯುವುದು ಮೊಟ್ಟೆಯನ್ನೇ. ಪ್ರತಿ ಬಂಡೆಯ ಎದುರು ಒಂದೆರಡು ನಿಮಿಷ ಅಲುಗದೆ ನಿಲ್ಲಬೇಕು. ಕಪ್ಪೆಯ ಬಣ್ಣ ಬಂಡೆಯಂತೆಯೇ ಇರುವುದರಿಂದ ಕಾಲು ಬೀಸಿದಾಗಲೇ ಅದು ಕಣ್ಣಿಗೆ ಬೀಳುವುದು. ಫೋಟೊ ಬೆನ್ನಿನದು ಮಾತ್ರ ಸಾಲದು: ಪಕ್ಕದಿಂದ ಮುಖ, ಬೆರಳ ತುದಿಯ ತಟ್ಟೆ, ಹಿಂಗಾಲಿನ ಜಾಲಪೊರೆ, ಉಬ್ಬಿದ ಗಂಟಲ ಚೀಲ. ಕೂಗನ್ನು ಕನಿಷ್ಠ ಎರಡು ನಿಮಿಷ ಧ್ವನಿಮುದ್ರಿಸಿ, ಕೊನೆಯಲ್ಲಿ ದಿನಾಂಕ, ಹೊತ್ತು, ಗಾಳಿಯ ಮತ್ತು ನೀರಿನ ಉಷ್ಣತೆಯನ್ನು ನಿಮ್ಮ ಧ್ವನಿಯಲ್ಲೇ ಹೇಳಿಬಿಡಿ. ಉಷ್ಣತೆ ಬದಲಾದರೆ ಕೂಗಿನ ವೇಗವೂ ಬದಲಾಗುತ್ತದೆ, ಆ ಸಂಖ್ಯೆ ಇಲ್ಲದಿದ್ದರೆ ಧ್ವನಿಯ ಹೋಲಿಕೆ ಕಷ್ಟ. ಇರುಳುಗಪ್ಪೆಗಳಿಗೆ ಇದೇ ಹಳ್ಳಕ್ಕೆ ಕತ್ತಲಾದ ಮೇಲೆ ಬೇರೆಯೇ ಭೇಟಿ ಬೇಕು. ನೀರಿನ ಮೇಲೆ ಬಾಗಿದ ಎಲೆ ಮತ್ತು ಬಂಡೆಗಳ ಮೇಲೆ ಮೊಟ್ಟೆಯ ಗೊಂಚಲು ಇದೆಯೇ ನೋಡಿ, ಮುಟ್ಟಬೇಡಿ.

ಸಿಕ್ಕರೆ ಹಳ್ಳದ ನಿಖರ ಜಾಗವನ್ನು ಫೇಸ್‌ಬುಕ್ಕಿಗೆ ಹಾಕದೆ ಅಧ್ಯಯನ ಮಾಡುವವರಿಗೆ ಮತ್ತು ಇಲಾಖೆಗೆ ತಿಳಿಸಿ. ಮುಂದಿನ ವಾರ ಇಪ್ಪತ್ತು ಕ್ಯಾಮೆರಾಗಳು ಅದೇ ಜಲ್ಲಿಯ ಮೇಲೆ ಟ್ರೈಪಾಡ್ ಊರುವುದು ಬೇಡ. ಸಿಗದಿದ್ದರೂ ಬರೆದಿಡಿ: ‘ಅಕ್ಟೋಬರ್ 20, ಬೆಳಿಗ್ಗೆ 9ರಿಂದ 11, ಇಬ್ಬರು, 100 ಮೀಟರ್, ನೀರು ತಿಳಿ, ಕಪ್ಪೆ ಕಾಣಲಿಲ್ಲ.’ ಇಂಥ 14 ಸಾಲುಗಳು ಒಂದೇ ಹಳ್ಳದಿಂದ ಬಂದಾಗ ಮಾತ್ರ ‘ಇಲ್ಲ’ ಎಂಬ ಪದವನ್ನು ಬಳಸುವ ಚರ್ಚೆಯಾದರೂ ಶುರುವಾಗಬಹುದು.